ನಾಲ್ಕು ಕೂಡಿಸುವ ದತ್ತಾತ್ರೇಯ ಸರ್

ಅಫಜಲಪುರದ ಊರಾಚೆಯ ಒಂದು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ದತ್ತಾತ್ರೇಯ ಸರ್ ಆಸಿಡ್ಡಿಗೆ ಹೆದರುತ್ತಿರಲಿಲ್ಲ. ಸಲ್ಫ್ಯೂರಿಕ್ ಆಸಿಡ್ಡಿನ ಬಾಟಲಿಯನ್ನು ಹಾಲಿನ ಚೊಂಬು ಹಿಡಿದಷ್ಟೇ ಸಲೀಸಾಗಿ ಹಿಡಿದು ಓಡಾಡುತ್ತಿದ್ದರು. ಅದೊಂದನ್ನು ಬಿಟ್ಟರೆ ಉಳಿದ ಎಲ್ಲದಕ್ಕೂ ಹೆದರುತ್ತಿದ್ದರು. ಪ್ರಿನ್ಸಿಪಾಲರು ಕರೆಸಿದರೆ ಏನು ತಪ್ಪಾಯಿತೋ ಎಂದು ಹೆದರಿಕೆ. ಬಹಳ ದಿನ ಕರೆಸದಿದ್ದರೆ, ತಪ್ಪು ಗೊತ್ತಾಗಿಯೂ ಸುಮ್ಮನಿದ್ದಾರೆ ಎಂದು ಇನ್ನೂ ದೊಡ್ಡ ಹೆದರಿಕೆ. ಮೊದಲು ಜೇವರ್ಗಿಯಲ್ಲಿ ನೌಕರಿ ಮಾಡುತ್ತಿದ್ದಾಗ, ಹತ್ತರ ಬಸ್ಸು ತಪ್ಪೀತೆಂದು ಒಂಬತ್ತಕ್ಕೇ ನಿಲ್ದಾಣಕ್ಕೆ ಹೋಗಿ, ಅಲ್ಲಿ ಸಿಕ್ಕವರೊಂದಿಗೆ ಬಸ್ಸು ತಪ್ಪುವ ವಿಷಯವನ್ನೇ ಮಾತಾಡುತ್ತ ನಿಂತು, ಎರಡು ಬಸ್ಸುಗಳನ್ನು ಕಳೆದುಕೊಂಡಿದ್ದರು.

ಅವರ ಹುಟ್ಟೂರು ಆಳಂದ ತಾಲ್ಲೂಕಿನ ಮಟಕಿ. ಅಲ್ಲಿ ಅವರ ತಾಯಿ ತುಳಸಾಬಾಯಿಯವರ ಮನೆಯಲ್ಲಿ ಏನನ್ನೂ ಚೆಲ್ಲುವ ರೂಢಿ ಇರಲಿಲ್ಲ. ರೊಟ್ಟಿ ಬಡಿದಾದ ಮೇಲೆ ಪರಾತದಲ್ಲಿ ಉಳಿದ ಒಣಹಿಟ್ಟನ್ನು ಆಕೆ ಅಂಗೈಯಿಂದ ಬಳಿದು ಮತ್ತೆ ಡಬ್ಬಿಗೆ ಹಾಕುತ್ತಿದ್ದರು. ಜೋಳದ್ದು ಜೋಳದ ಡಬ್ಬಿಗೆ, ಗೋದಿಯದು ಗೋದಿಯ ಡಬ್ಬಿಗೆ. ಅವಸರದ ದಿನ ಅದು ಇದಕ್ಕೆ, ಇದು ಅದಕ್ಕೆ ಹೋದರೂ ರೊಟ್ಟಿಗೆ ಏನೂ ಆಗುತ್ತಿರಲಿಲ್ಲ, ತಿಂದವರಿಗಂತೂ ಗೊತ್ತೇ ಆಗುತ್ತಿರಲಿಲ್ಲ. ಆ ಹಿಟ್ಟಿನಲ್ಲಿ ಬೆಳೆದ ದತ್ತಾತ್ರೇಯ ಸರ್, ಅಫಜಲಪುರದ ಪ್ರಯೋಗಾಲಯಕ್ಕೆ ಬಂದ ಮೊದಲ ವಾರವೇ ಒಂದು ಕಾನೂನು ಮಾಡಿದರು: ಪ್ರಯೋಗಕ್ಕೆ ತೆಗೆದುಕೊಂಡ ಪುಡಿಯಲ್ಲಿ ಉಳಿದದ್ದು ಡಬ್ಬಿಗೇ ವಾಪಸು ಹೋಗಬೇಕು. ಚಿಟಿಕೆ ಪುಡಿ ಚೆಲ್ಲಿದವನಿಗೆ ಒಂದು ಗಂಟೆ ಭಾಷಣ. ಭಾಷಣಕ್ಕೆ ಅಂಜಿ ಹುಡುಗರು ಒಂದು ಕಣವನ್ನೂ ಚೆಲ್ಲುತ್ತಿರಲಿಲ್ಲ. ಸರಕಾರದ ದುಡ್ಡು ಉಳಿಯುತ್ತಿದೆ ಎಂದು ಸರ್ ಒಳಗೊಳಗೇ ಹಿಗ್ಗುತ್ತಿದ್ದರು. ಹೊಸ ಡಬ್ಬಿಗಳು ಬಂದರೆ ಸೀಲು ಕೂಡ ಒಡೆಯದೆ ಅಲಮಾರಿಗೆ ಸೇರಿಸಿ ಬೀಗ ಹಾಕುತ್ತಿದ್ದರು. ಹಳೆಯದು ಮುಗಿಯಬೇಕಲ್ಲ! ಉಳಿದದ್ದೆಲ್ಲ ವಾಪಸು ಬರುವುದರಿಂದ ಹಳೆಯದು ಮುಗಿಯುತ್ತಲೇ ಇರಲಿಲ್ಲ.

ಆ ಪ್ರಯೋಗಾಲಯದಲ್ಲಿ, ಶಹಾಬಾದ ಪರಸಿ ಕಲ್ಲಿನ ಕಟ್ಟೆಯ ಮೇಲೆ, ಕಿಟಕಿಯ ಪಕ್ಕ, ಕರಗುವ ಬಿಂದು ಅಳೆಯುವ ಯಂತ್ರ ಕೂತಿತ್ತು. ಹೆಸರು ಎಷ್ಟು ಉದ್ದವೋ ಯಂತ್ರ ಅಷ್ಟು ದೊಡ್ಡದಲ್ಲ. ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆ, ಒಳಗೆ ಕಾಯುವ ಲೋಹದ ತುಂಡು, ಮೇಲೆ ಥರ್ಮಾಮೀಟರ್ ಇಳಿಬಿಡಲು ತೂತು, ಮುಂದೆ ಇಣುಕಲು ಒಂದು ಭೂತಗನ್ನಡಿ, ಶಾಖ ಏರಿಸಲು ಒಂದು ತಿರುಗುಗುಂಡಿ. ಕಡ್ಡಿಗಿಂತ ಸಪೂರದ ಗಾಜಿನ ಕೊಳವೆಯ ಒಂದು ತುದಿಯನ್ನು ಮುಚ್ಚಿ, ಅದರಲ್ಲಿ ಪುಡಿ ತುಂಬಿ, ಟಕಟಕ ಬಡಿದು ತಳಕ್ಕಿಳಿಸಿ, ಯಂತ್ರಕ್ಕೆ ತೂರಿಸಿ, ಭೂತಗನ್ನಡಿಗೆ ಕಣ್ಣು ಹಚ್ಚಿ ಕೂಡಬೇಕು. ಪುಡಿ ಮೊದಲು ಬೆವರುತ್ತದೆ, ಆಮೇಲೆ ಕುಸಿಯುತ್ತದೆ, ಆಮೇಲೆ ಒಮ್ಮೆಲೇ ನೀರಾಗುತ್ತದೆ. ಪ್ರಿನ್ಸಿಪಾಲರ ಕೋಣೆಯಲ್ಲಿ ದತ್ತಾತ್ರೇಯ ಸರ್ ಆಗುವ ಹಾಗೆಯೇ. ಆ ಕ್ಷಣಕ್ಕೆ ಥರ್ಮಾಮೀಟರ್ ತೋರಿಸುವ ಅಂಕಿಯೇ ಅದರ ಕರಗುವ ಬಿಂದು. ಬೆಂಜೋಯಿಕ್ ಆಮ್ಲ ನೂರಾ ಇಪ್ಪತ್ತೆರಡು ಡಿಗ್ರಿಗೆ ಕರಗಬೇಕು, ಅಸಿಟನಿಲೈಡ್ ಎಂಬುದು ನೂರಾ ಹದಿನಾಲ್ಕಕ್ಕೆ. ಹೀಗೆ ಹೆಸರು ಹೇಳದೆ ಪುಡಿ ಕೊಟ್ಟರೂ ಕರಗಿಸಿ ನೋಡಿ ಅದು ಯಾವುದೆಂದು ಗುರುತು ಹಿಡಿಯಬಹುದು. ಸಲೋಲ್ ಎಂಬ ಪುಡಿಯೊಂದು ಮಾತ್ರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದು ಕರಗುವುದು ನಲವತ್ತೆರಡಕ್ಕೆ. ಮೇ ತಿಂಗಳಲ್ಲಿ ಅಫಜಲಪುರದ ಬಿಸಿಲಿಗೆ ಡಬ್ಬಿಯೊಳಗೇ ತುಪ್ಪದ ಹಾಗೆ ನೀರಾಗಿ ಕೂತಿರುತ್ತಿತ್ತು. “ಅದು ನಮ್ಮೂರ ಹವಾಕ್ಕ ಹೊಂದಂಗಿಲ್ಲ” ಎಂದು ಸರ್ ಅದನ್ನು ಪರೀಕ್ಷೆಗೇ ಇಡುತ್ತಿರಲಿಲ್ಲ.

ಸರ್ ಬಂದು ಕೆಲವು ವರ್ಷಗಳಾದ ಮೇಲೆ ಯಂತ್ರಕ್ಕೆ ಏನೋ ಆಯಿತು. ನೂರಾ ಇಪ್ಪತ್ತೆರಡಕ್ಕೆ ಕರಗಬೇಕಾದ ಬೆಂಜೋಯಿಕ್ ಆಮ್ಲ ನೂರಾ ಹದಿನೆಂಟಕ್ಕೇ ಕರಗತೊಡಗಿತು. ಅಸಿಟನಿಲೈಡೂ ಅಷ್ಟೇ ಹಿಂದೆ. ಉಳಿದ ಪುಡಿಗಳಲ್ಲಿ ಒಂದು ಮೂರು ಡಿಗ್ರಿ ಕಮ್ಮಿ, ಇನ್ನೊಂದು ಐದು ಕಮ್ಮಿ. ಸರ್ ಉದಾರವಾಗಿ ಎಲ್ಲಕ್ಕೂ ನಾಲ್ಕು ಎಂದು ತೀರ್ಮಾನಿಸಿದರು. ಥರ್ಮಾಮೀಟರಿಗೆ ವಯಸ್ಸಾಗಿದೆ, ನಿಧಾನವಾಗಿದೆ. ಅದನ್ನು ಪರೀಕ್ಷಿಸಿ ನೋಡಬೇಕೆಂದು ಅವರಿಗೆ ಅನ್ನಿಸಲಿಲ್ಲ. ಮನೆಯ ಹಿರಿಯರಿಗೆ ಕಿವಿ ಮಂದವಾದರೆ ಉಳಿದವರು ಜೋರಾಗಿ ಮಾತಾಡುತ್ತಾರೆಯೇ ಹೊರತು ಹಿರಿಯರನ್ನು ಯಾರೂ ಬದಲಿಸುವುದಿಲ್ಲ. ಹಾಗೆಯೇ ಕಾಲೇಜಿನಲ್ಲಿ ಹೊಸ ಪದ್ಧತಿ ಬಂತು: ಮಶಿನ್ ತೋರಿಸಿದ್ದಕ್ಕೆ ನಾಲ್ಕು ಕೂಡಿಸಿ ಬರೆಯುವುದು. ಹಿರಿಯ ಹುಡುಗರು ಕಿರಿಯರಿಗೆ ಕ್ಯಾಂಟೀನಿನಲ್ಲಿ ಹೇಳಿಕೊಡುವ ಮೊದಲ ಪಾಠವೇ ಇದು. ಕ್ರಮೇಣ ಅದು ಸರ್ ಅವರ ಕೈಗೂ ಅಂಟಿತು. ಜ್ವರ ಬಂದರೆ ನೂರು ಎಂದು ತೋರಿಸಿದ ಥರ್ಮಾಮೀಟರಿಗೆ ನಾಲ್ಕು ಕೂಡಿಸಿ ಹಾಸಿಗೆ ಹಿಡಿಯುತ್ತಿದ್ದರು.

ಈ ವರ್ಷ ಹೊಸ ಯಂತ್ರ ಬಂತು. ಭೂತಗನ್ನಡಿ, ಕೆಂಪು ಅಂಕಿ, ಒಂದೇ ಸಲ ಮೂರು ಕೊಳವೆ ಇಡುವ ಸೌಕರ್ಯ. ಸರ್ ಮೊದಲ ದಿನವೇ ಬೆಂಜೋಯಿಕ್ ಆಮ್ಲ ಹಾಕಿ ನೋಡಿದರು. ಕೆಂಪು ಅಂಕಿ ನೂರಾ ಹದಿನೆಂಟಕ್ಕೆ ಬಂದಾಗ ಪುಡಿ ನೀರಾಯಿತು.

“ಇದಕ್ಕೂ ಹತ್ತಿತಲ್ಲವಾ!” ಎಂದರು ಸರ್.

“ಏನ್ ಹತ್ತಿತ್ರೀ ಸರ್?” ಎಂದಳು ಪ್ರಯೋಗಾಲಯದ ಅಟೆಂಡರ್ ಸರ್ವರಬೇಗಂ. ಗಾಜಿನ ಸಾಮಾನು ತೊಳೆಯುತ್ತ, ಸರ್ ಅವರ ಹೆದರಿಕೆಗಳನ್ನೂ ಜೊತೆಗೇ ತೊಳೆಯುತ್ತ ಬಂದವಳು.

“ನಾಲ್ಕು ಕಮ್ಮಿ ತೋರ್ಸಾಕತ್ತದ. ಹಳೇದರಂಗೇ.”

“ಹೊಸ ಸೊಸಿ ಅತ್ತೀನ ನೋಡಿ ಕಲಿತಿರಬೇಕು ಬಿಡ್ರಿ. ಫಿಕರ್ ಯಾಕ ಮಾಡ್ತೀರಿ?”

ಸರ್ ಬಹಳ ಯೋಚಿಸಿ ಕಾರಣ ಕಂಡುಹಿಡಿದರು: ಅಫಜಲಪುರದ ಕರೆಂಟು. ವೋಲ್ಟೇಜೇ ಕಮ್ಮಿ, ಅಂದ ಮೇಲೆ ಡಿಗ್ರಿಯೂ ಕಮ್ಮಿ! ಮನಸ್ಸು ಹಗುರಾಯಿತು. ಕ್ಲಾಸಿಗೆ ಹೋಗಿ ಹೇಳಿದರು: “ಹೊಸ ಮಶಿನ್ ಬಂತಂತ ಯಾಮಾರಬ್ಯಾಡ್ರಿ. ನಾಲ್ಕು ಕೂಡ್ಸೋದು ಕೂಡ್ಸೋದೇ.”

ಪ್ರಾಯೋಗಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕಿ ಮಂಜರಿ ಮೇಡಂ ಕಲಬುರಗಿಯಿಂದ ಬಂದರು. ಸರ್ ಅವರ ಮಗಳಾಗುವಷ್ಟು ವಯಸ್ಸು, ಡಾಕ್ಟರೇಟು ಆದವರು. ಚೌಡಾಪುರದ ರಸ್ತೆಯ ಧೂಳನ್ನು ಕರವಸ್ತ್ರದಿಂದ ಒರೆಸಿಕೊಂಡು, ಚಹಾ ಕೊಟ್ಟರೆ “ಆಮೇಲೆ” ಎಂದರು. ಚಹಾ ಆಮೇಲೆ ಎನ್ನುವ ಪರೀಕ್ಷಕರನ್ನು ಸರ್ ತಮ್ಮ ಜನ್ಮದಲ್ಲಿ ನೋಡಿರಲಿಲ್ಲ. ಬೆನ್ನಿನಲ್ಲಿ ಒಂದು ಬೆವರಿನ ಹನಿ ಇಳಿಯಿತು.

ಹುಡುಗರು ಪ್ರಯೋಗ ಮುಗಿಸಿ ಉತ್ತರ ಬರೆದುಕೊಟ್ಟರು. ಮೇಡಂ ಮೊದಲು ನೋಡಿದ್ದು ಶಿವಗಂಗಾಳದ್ದು. ಕರಜಗಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ತರಗತಿಗೆ ಅವಳೇ ಮೊದಲು, ಸರ್ ಹೇಳಿದ್ದನ್ನು ಒಂದಕ್ಷರ ಬಿಡದೆ ಪಾಲಿಸುವವಳು. ಎಂ.ಎಸ್ಸಿ.ಗೆ ಅರ್ಜಿ ಹಾಕಿದ್ದಳು. ಈ ಫಲಿತಾಂಶ ಸಮಯಕ್ಕೆ ಬರದಿದ್ದರೆ ಅವಳಿಗೆ ಒಂದು ವರ್ಷ ಹೋದಂತೆ. ಮೇಡಂ ಅವಳಿಗೆ ಕೊಟ್ಟಿದ್ದ ಪುಡಿಯನ್ನು ಡಬ್ಬಿಯಿಂದ ತಾವೇ ಒಂದು ಚಿಟಿಕೆ ತೆಗೆದುಕೊಂಡು ಯಂತ್ರಕ್ಕೆ ಹಾಕಿ ಕೂತರು. ಆಮೇಲೆ ಇನ್ನೊಂದು ಡಬ್ಬಿಯದು. ಆಮೇಲೆ ಮತ್ತೊಂದು. ಮುಖ ಬಿಗಿಯುತ್ತ ಹೋಯಿತು.

“ಸರ್, ಸ್ವಲ್ಪ ಇಲ್ಲಿ ಬರ್ರಿ.”

ಆ ‘ಸ್ವಲ್ಪ’ ಎಂಬ ಮಾತಿಗೇ ಸರ್ ಅರ್ಧ ಕರಗಿದರು.

“ಈ ಹುಡುಗಿ ನೂರಾ ಇಪ್ಪತ್ತೆರಡು ಬರದಾಳ. ಮಶಿನ್ ನೂರಾ ಹದಿನೆಂಟು ತೋರ್ಸಾಕತ್ತದ. ಆ ಹುಡುಗ ನೂರಾ ಹದಿನಾಲ್ಕು ಬರದಾನ, ಮಶಿನ್ ನೂರಾ ಹತ್ತು ತೋರಿಸ್ತದ. ಎಲ್ಲಾರದೂ ಪುಸ್ತಕದಾಗಿನ ಅಂಕಿನೇ ಅವ. ಇವರು ಪ್ರಯೋಗ ಮಾಡ್ಯಾರೋ, ಬುಕ್ ನೋಡಿ ಇಳಿಸ್ಯಾರೋ?”

“ಹಂಗಲ್ರೀ ಮೇಡಂ. ನಾಲ್ಕು ಕೂಡ್ಸ್ಯಾರ.”

“ಏನು ಕೂಡ್ಸ್ಯಾರ?”

“ನಾಲ್ಕು ರಿ.”

“ಯಾಕ?”

“ಕರೆಂಟ್ ಕಮ್ಮಿ ಅದರಿ ನಮ್ಮಲ್ಲಿ.”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಸರ್ ತಮಾಷೆ ಮಾಡುತ್ತಿಲ್ಲ ಎಂಬುದು ಖಾತ್ರಿಯಾದಂತೆ ಕಂಡಿತು. “ಸರ್, ಕರೆಂಟ್ ಕಮ್ಮಿ ಆದ್ರ ಮಶಿನ್ ತಡಾ ಮಾಡಿ ಕಾಯ್ತದ. ಸುಳ್ಳು ಅಂಕಿ ತೋರ್ಸಂಗಿಲ್ಲ.”

ಇದು ದತ್ತಾತ್ರೇಯ ಸರ್ ಅವರಿಗೂ ಗೊತ್ತಿದ್ದ ವಿಷಯವೇ. ಎಂದೋ ಓದಿದ್ದರು, ಎಂದೋ ಕಲಿಸಿಯೂ ಇದ್ದರು. ಆದರೆ ಸಮಾಧಾನ ಕೊಡುವ ಕಾರಣವೊಂದು ಸಿಕ್ಕಾಗ ಅದನ್ನು ಮತ್ತೆ ತಿರುವಿ ನೋಡುವವರು ಯಾರು?

“ನಾನು ಯೂನಿವರ್ಸಿಟಿಗೆ ತಿಳಸಬೇಕಾಗ್ತದರಿ,” ಎಂದರು ಮೇಡಂ, ಬೇಸರದಿಂದಲೇ. “ಕ್ಲಾಸಿಗೆ ಕ್ಲಾಸೇ ಹಿಂಗ ಬರದ್ರ ಸಾಮೂಹಿಕ ನಕಲು ಅಂತಾರ. ರಿಜಲ್ಟ್ ತಡೀತಾರ.”

ಸರ್ ಅವರ ಕಿವಿಯಲ್ಲಿ ‘ತಡೀತಾರ’ ಎಂಬುದೊಂದೇ ಉಳಿಯಿತು. ಜೀವನವಿಡೀ ನೂರು ಸುಳ್ಳು ಭಯಗಳನ್ನು ಸಾಕಿಕೊಂಡು ಬಂದವರು ಅವರು. ನಿಜವಾದ ಭಯ ಎದುರಿಗೆ ಬಂದು ನಿಂತಾಗ ಅದು ಬೇರೆಯದೇ ಜಾತಿ ಎಂದು ತಿಳಿಯಿತು. ಅದು ತಮ್ಮ ಬಗ್ಗೆ ಇರಲೇ ಇಲ್ಲ. ಅಲ್ಲಿ ಕಟ್ಟೆಯ ಬಳಿ ಪೆನ್ನಿನ ಕ್ಯಾಪು ಕಚ್ಚುತ್ತ ನಿಂತಿದ್ದ ಶಿವಗಂಗಾ, ಅವಳ ಹಿಂದಿನ ಉಳಿದ ಮಕ್ಕಳು, ಇವರೆಲ್ಲ ತಮ್ಮ ಮಾತು ಕೇಳಿದ್ದೇ ತಪ್ಪಾಯಿತಲ್ಲ!

“ಮೇಡಂ,” ಎಂದರು ಸರ್. “ಹುಡುಗರದು ಏನೂ ತಪ್ಪಿಲ್ಲರಿ. ನಾನು ಹೇಳಿದ್ದು ಮಾಡ್ಯಾರ. ಬರಿಯೋದಿದ್ರ ನನ್ನ ಮ್ಯಾಲ ಬರೀರಿ.”

ಮೇಡಂ ಉತ್ತರ ಕೊಡುವಷ್ಟರಲ್ಲಿ ಅವರ ಕಣ್ಣು ಸರ್ ಅವರ ಭುಜದಾಚೆ ಹೋಯಿತು. ಅಲ್ಲಿ ಕಲ್ಯಾಣಕುಮಾರ ಎಂಬ ಹುಡುಗ, ತನ್ನ ಪರೀಕ್ಷೆ ಮುಗಿಯಿತೆಂಬ ನಿಶ್ಚಿಂತೆಯಲ್ಲಿ, ಉಳಿದ ಪುಡಿಯಿದ್ದ ಕಾಗದವನ್ನು ದೋಣಿಯ ಹಾಗೆ ಮಡಚಿ ಪುಡಿಯನ್ನು ಒಂದು ಡಬ್ಬಿಗೆ ಸುರಿಯುತ್ತಿದ್ದ. ಆಮೇಲೆ ಡಬ್ಬಿಯ ಅಂಚನ್ನು ಬೆರಳಿನಿಂದ ಒರೆಸಿ ಅದನ್ನೂ ಒಳಗೇ ಉದುರಿಸಿದ. ಕೆಲಸದಲ್ಲಿ ಬಹಳ ಶ್ರದ್ಧೆ.

“ಏನ್ ಮಾಡಾಕತ್ತೀಯೋ ತಮ್ಮಾ?”

“ಉಳಿದದ್ದು ವಾಪಸ್ ಹಾಕಾಕತ್ತೇನ್ರೀ ಮೇಡಂ. ಚೆಲ್ಲಿದ್ರ ಸರ್ ಬೈತಾರ.”

“ಯಾವ ಡಬ್ಬಿಗಿ ಹಾಕ್ತೀ?”

ಕಲ್ಯಾಣಕುಮಾರನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಯಾವುದು ಹತ್ರ ಇರತೈತಿ ಅದಕ್ಕರಿ.”

ಮಂಜರಿ ಮೇಡಂ ಡಬ್ಬಿಗಳ ಸಾಲನ್ನು ನೋಡಿದರು, ಹುಡುಗನನ್ನು ನೋಡಿದರು, ಸರ್ ಅವರನ್ನು ನೋಡಿದರು.

“ಇದು ಎಷ್ಟು ವರ್ಷದಿಂದ ನಡದದ ಸರ್?”

“ನಾನು ಬಂದಾಗಿಂದರಿ,” ಎಂದರು ಸರ್. ಹೇಳುವಾಗಲೇ ಅವರ ತಲೆಯೊಳಗೆ ಏನೋ ಕುಸಿದು ನೀರಾಯಿತು. ಕಲಬೆರಕೆಯಾದ ವಸ್ತು ತನ್ನ ಬಿಂದುವಿಗಿಂತ ಮೊದಲೇ ಕರಗುತ್ತದೆ! ಇದನ್ನು ಅವರು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು ಕಲಿಸುತ್ತಿದ್ದರು. ಬೆಂಜೋಯಿಕ್ ಆಮ್ಲಕ್ಕೆ ಯೂರಿಯಾ, ಯೂರಿಯಾಕ್ಕೆ ಅಸಿಟನಿಲೈಡ್, ಅದಕ್ಕೆ ಮತ್ತೆ ಬೆಂಜೋಯಿಕ್ ಆಮ್ಲ; ವರ್ಷಾನುಗಟ್ಟಲೆ ಚಿಟಿಕೆ ಚಿಟಿಕೆಯಾಗಿ ಎಲ್ಲ ಡಬ್ಬಿಗಳೂ ಬೀಗರಾಗಿ ಕೂತಿದ್ದವು. ಥರ್ಮಾಮೀಟರು ನಿಧಾನವಾಗಿರಲಿಲ್ಲ. ಕರೆಂಟೂ ಕಮ್ಮಿಯಾಗಿರಲಿಲ್ಲ.

“ಸೀಲ್ ಒಡೀಲಾರದ ಡಬ್ಬಿ ಅವೇನು?”

“ಅಲಮಾರಿ ತುಂಬ ಅವರಿ.”

ಅಲಮಾರಿಯ ಕೀಲಿಕೈ ಮಾತ್ರ ಸರ್ ಅವರ ಉಡದಾರದಲ್ಲಿತ್ತು. ಕಳೆದುಹೋದೀತೆಂಬ ಭಯಕ್ಕೆ ಹಾಗೆ ಕಟ್ಟಿಕೊಂಡಿದ್ದರು. ಹೊರಗಿನ ಪರೀಕ್ಷಕಿಯ ಮುಂದೆ ಅಂಗಿ ಎತ್ತುವುದು ಹೇಗೆ? ಅಲಮಾರಿಗೆ ಹೊಟ್ಟೆ ಹಚ್ಚಿ ನಿಂತು, ಬಾಗಿ, ತಿರುಚಿ, ಬೀಗವನ್ನು ತಮ್ಮ ಸೊಂಟದ ಬಳಿಗೇ ಎಳೆದುಕೊಂಡು ತೆರೆದರು. ಸರ್ವರಬೇಗಂ ಅಡ್ಡ ನಿಂತು ಸೆರಗು ಹರವಿ ಮರೆ ಮಾಡಿದಳು. “ಮೇಡಂ, ಸರ್ ಬೀಗ ತೆಗಿಯೋದು ಹಿಂಗೇರಿ. ನೋಡಬ್ಯಾಡ್ರಿ,” ಎಂದು ಹೇಳಿ, ಅದುವರೆಗೆ ನೋಡದಿದ್ದ ಹುಡುಗರನ್ನೂ ನೋಡುವಂತೆ ಮಾಡಿದಳು.

ಹೊಸ ಡಬ್ಬಿಯ ಬೆಂಜೋಯಿಕ್ ಆಮ್ಲ ಯಂತ್ರದೊಳಗೆ ಕೂತಿತು. ಕೆಂಪು ಅಂಕಿ ನೂರಾ ಹದಿನೆಂಟಕ್ಕೆ ಬಂತು. ಪುಡಿ ಬೆಳ್ಳಗೆ, ಗಟ್ಟಿಯಾಗಿ, ಹಾಗೇ ಇತ್ತು. ಹತ್ತೊಂಬತ್ತು. ಇಪ್ಪತ್ತು. ನೂರಾ ಇಪ್ಪತ್ತೆರಡಕ್ಕೆ ಒಮ್ಮೆಲೇ ಕಣ್ಣೀರಿನ ಹಾಗೆ ತಿಳಿಯಾಯಿತು. ಸರ್ ಅವರ ಕಣ್ಣುಗಳೂ ಅದೇ ಡಿಗ್ರಿಗೆ ತಿಳಿಯಾದವು.

“ಯಂತ್ರ ಸರಿ ಅದ,” ಎಂದರು ಮೇಡಂ. “ಹುಡುಗರು ಕೈಯಾರೆ ಪ್ರಯೋಗ ಮಾಡ್ಯಾರೋ ಇಲ್ಲೋ ಅನ್ನೋದು ನೋಡಬೇಕು. ಹೊಸ ಡಬ್ಬಿಲಿಂದ ಹೆಸರಿಲ್ದ ಪುಡಿ ಕೊಡ್ತೀನಿ, ಮತ್ತ ಮಾಡ್ಲಿ. ಉತ್ತರ ಸರಿ ಬಂದ್ರ ನಾನೇನೂ ಬರಿಯಂಗಿಲ್ಲ. ಆದ್ರ ನೀವು ಬಾಗಿಲದಾಗ ನಿಂದರ್ರಿ ಸರ್. ಒಂದೂ ಮಾತು ಆಡಬ್ಯಾಡ್ರಿ.” ಹುಡುಗರ ಕಡೆ ತಿರುಗಿ ಇಷ್ಟೇ ಹೇಳಿದರು: “ಸರಿಯಾದ ಅಂಕಿ ಬರೀರಿ.”

ಸರಿಯಾದ ಅಂಕಿ! ಬಾಗಿಲತ್ತ ಹೊರಟಿದ್ದ ಸರ್ ತಿರುಗಿ ನೋಡಿದರು. ಮೂರು ವರ್ಷ ತಾವು ಆ ಮಕ್ಕಳ ತಲೆಗೆ ತುಂಬಿದ ಪ್ರಕಾರ ಸರಿಯಾದ ಅಂಕಿ ಎಂದರೆ ನಾಲ್ಕು ಕೂಡಿಸಿದ ಅಂಕಿ. ಈಗ ಕೂಡಿಸಿದರೆ ಮುಗಿಯಿತು. ಕೂಡಿಸಬೇಡಿರೋ ಎಂದು ಕೂಗಲೂ ಬಾರದು. ಬಾಗಿಲಲ್ಲಿ ನಿಂತರು. ತಲೆ ಅಲ್ಲಾಡಿಸಿದರೆ ಸನ್ನೆ ಎಂದಾರು, ಬೆರಳು ಕದಲಿಸಿದರೆ ಎಣಿಕೆ ಎಂದಾರು. ಕೈ ಹಿಂದೆ ಕಟ್ಟಿ, ಕೆಮ್ಮು ಬಂದರೂ ನುಂಗಿಕೊಂಡು ನಿಂತರು. ಸರ್ವರಬೇಗಂ ನೀರಿನ ಗ್ಲಾಸು ಹಿಡಿದು ಬಂದು, “ಕುಡೀರಿ ಸರ್” ಎಂದಳು. ಉತ್ತರವಿಲ್ಲ. “ಸರ್? ಅಯ್ಯ ಅಲ್ಲಾ, ಸರ್‌ಗ ಮಾತೇ ಬಂದ್ ಆಗ್ಯಾದ! ಮೇಡಂ, ಡಾಕ್ಟರ್‌ನ ಕರೀಲಿಕ್ಕ ಕಳಸ್ಲೇನ್ರಿ?” ಸರ್ ಬಾಯಿ ಬಿಗಿಹಿಡಿದು ಗ್ಲಾಸಿನತ್ತ ನೋಡಿದರೇ ಹೊರತು ಮುಟ್ಟಲಿಲ್ಲ.

ಮೂವರು ಮೂವರಾಗಿ ಯಂತ್ರದ ಮುಂದೆ ಕೂತರು. ಮೊದಲು ಎದ್ದವನು ಕಲ್ಯಾಣಕುಮಾರ. ಮೇಡಂ ಅವನ ಹಾಳೆ ನೋಡಿ ಕೇಳಿದರು: “ನೂರಾ ಮೂವತ್ತೆರಡು, ಯೂರಿಯಾ. ಸರಿ ಅದ. ಈ ಸಲ ನಾಲ್ಕು ಯಾಕ ಕೂಡ್ಸ್ಲಿಲ್ಲ?”

“ಮರ್ತೆರಿ,” ಎಂದ ಅವನು, ಅಪರಾಧಿಯಂತೆ. “ಕೂಡಿಸ್ಲೇನ್ರೀ?”

“ಬ್ಯಾಡ, ಬ್ಯಾಡ. ನಡಿ.”

ಪಾಠ ಮರೆತ ವಿದ್ಯಾರ್ಥಿಯನ್ನು ದತ್ತಾತ್ರೇಯ ಸರ್ ಮನಸ್ಸಿನಲ್ಲೇ ಅಪ್ಪಿಕೊಂಡದ್ದು ಅದೇ ಮೊದಲು. ಆದರೆ ಶಿವಗಂಗಾ ಮರೆಯುವವಳಲ್ಲ. ಅದೇ ಅವರ ಹೆದರಿಕೆ. ಅವಳು ಭೂತಗನ್ನಡಿಯಿಂದ ಕಣ್ಣು ತೆಗೆದು, ಪೆನ್ನು ಎತ್ತಿ, ಹಾಳೆಯ ಮೇಲೆ ಹಿಡಿದು ನಿಂತಳು. ಬರೆಯಲಿಲ್ಲ. ನಿಧಾನವಾಗಿ ಬಾಗಿಲ ಕಡೆ ತಿರುಗಿ ಸರ್ ಅವರ ಮುಖ ನೋಡಿದಳು.

ಸರ್ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು.

ಮತ್ತೆ ತೆರೆಯುವಷ್ಟರಲ್ಲಿ ಅವಳ ಹಾಳೆ ಮೇಡಂ ಕೈಯಲ್ಲಿತ್ತು. “ನೂರಾ ಹದಿನಾಲ್ಕು,” ಎಂದು ಮೇಡಂ ಗಟ್ಟಿಯಾಗಿ ಓದಿದರು. “ಅಸಿಟನಿಲೈಡ್. ಸರಿ. ನೀನೂ ಮರ್ತೆಯೇನವಾ?”

“ಇಲ್ರೀ ಮೇಡಂ, ನೆನಪಿತ್ತು. ಸರ್‌ನ ನೋಡಿದೆ, ಸರ್ ಕಣ್ಣು ಮುಚ್ಚಿದ್ರು. ಹಂಗಾಗಿ ನಾನೇ ವಿಚಾರ ಮಾಡಿದೆರಿ. ಮುಂಜಾನಿ ಪುಡಿ ಬೆವರೋದು ಶುರು ಆದ್ಮ್ಯಾಲ ಕರಗಲಿಕ್ಕ ಭಾಳ ಹೊತ್ತು ತಗೊಂತು. ಈಗಿಂದು ಪಟ್ಟಂತ ಕರಗೇತಿ. ಇದು ಚೊಕ್ಕ ಐತಿ ಅಂದ್ರ ಕೂಡ್ಸೋದು ಯಾವುದಕ್ರೀ?”

ಮೇಡಂ ಮುಖ ಸಡಿಲಾಯಿತು. “ಸರ್, ಇನ್ನ ಮಾತಾಡಬಹುದು ನೀವು,” ಎಂದರು. “ಉಳಿದವರದೂ ಆಗ್ಲಿ. ಆದ್ರ ನಾನು ಬರಿಯೋದು ಏನೂ ಕಾಣವಲ್ದು.”

ಉಳಿದವರದೂ ಆಯಿತು. ಇಬ್ಬರು ಮಾತ್ರ ಅಭ್ಯಾಸಬಲದಿಂದ ನಾಲ್ಕು ಕೂಡಿಸಿದ್ದರು, ಮೇಡಂ “ಮಶಿನ್ ಎಷ್ಟು ತೋರಿಸ್ತು?” ಎಂದು ಬಾಯಿಮಾತಿನಲ್ಲಿ ಕೇಳಿ, ಸರಿಯಾದ ಉತ್ತರ ಸಿಕ್ಕ ಮೇಲೆ ತಲೆಯಾಡಿಸಿದರು.

ಸರ್ವರಬೇಗಂ ಕೈಲಿದ್ದ ಗ್ಲಾಸಿನ ನೀರನ್ನು ಸರ್ ಒಂದೇ ಗುಟುಕಿಗೆ ಕುಡಿದರು. “ಮೇಡಂ, ಈ ಹಳೇ ಡಬ್ಬಿ ಎಲ್ಲಾ ಚೆಲ್ಲಬೇಕೇನ್ರಿ?” ಎಂದು ಒಂದು ಡಬ್ಬಿಯನ್ನು ಎದೆಗೆ ಅವಚಿಕೊಂಡು ಕೇಳಿದರು.

“ಚೆಲ್ಲೋದ್ಯಾಕ? ಕಲಬೆರಕಿ ಪುಡಿ ನೀರಿನ್ಯಾಗ ಕಾಸಿ, ಸೋಸಿ, ಮತ್ತ ಹರಳು ಮಾಡಿ ಶುದ್ಧ ಮಾಡೋದು ಹೆಂಗಂತ ಮೊದಲನೇ ವರ್ಷದವರಿಗಿ ಕಲಿಸ್ರಿ. ಇಷ್ಟು ಚೆಂದಂಗ ಕಲಬೆರಕಿ ಆದ ಪುಡಿ ಕಲಬುರಗಿಯಾಗೂ ಸಿಗಂಗಿಲ್ಲ ನಮಗ.”

ಚೆಲ್ಲಬೇಕಿಲ್ಲ ಎಂದು ತಿಳಿದಾಗ ಸರ್ ಬಿಟ್ಟ ಉಸಿರಿಗೆ ಕಟ್ಟೆಯ ಮೇಲಿನ ಕಾಗದಗಳು ಹಾರಿದವು. ಮೇಡಂ ಆಗ ಚಹಾ ತರಿಸಲು ಹೇಳಿದರು.

ಉತ್ತರಪತ್ರಿಕೆಗಳ ಕಟ್ಟಿಗೆ ದಾರ ಬಿಗಿದು, ಮೇಣದಬತ್ತಿಗೆ ಅರಗಿನ ಕಡ್ಡಿ ಹಿಡಿದು, ಇಬ್ಬರೂ ಕೂಡಿ ಮೊಹರು ಒತ್ತಿದರು. ಸರ್ ಬೆರಳಿಗೆ ಒಂದು ಹನಿ ಅರಗು ಬಿತ್ತು. ಸುಟ್ಟಿತು. ಅದನ್ನು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದರೆ, ಬೇವಿನ ಮರದ ಕೆಳಗೆ ಹುಡುಗರೆಲ್ಲ ಮನೆಗೆ ಹೋಗದೆ ನಿಂತಿದ್ದರು.

“ಸರ್,” ಎಂದಳು ಶಿವಗಂಗಾ, ಮೆಲ್ಲಗೆ. “ತಡೀತಾರೇನ್ರಿ ನಮ್ಮ ರಿಜಲ್ಟ್?”

“ಯಾರ್ ತಡೀತಾರವಾ?” ಎಂದರು ದತ್ತಾತ್ರೇಯ ಸರ್. “ಮನಿಗಿ ಹೋಗ್ರಿ. ಹೊಟ್ಟಿ ತುಂಬ ಉಂಡು ಮಲಕ್ಕೊಳ್ರಿ.” ಹೆದರಬೇಡಿ ಎಂದು ಇನ್ನೊಬ್ಬರಿಗೆ ಹೇಳುವ ಸರದಿ ತಮಗೂ ಬಂತಲ್ಲ ಎಂದು, ಹೇಳುತ್ತ ಹೇಳುತ್ತಲೇ ಅವರಿಗೆ ನಗು ಬಂತು. ಸಣ್ಣದಾಗಿ ಶುರುವಾದದ್ದು ಹೊಟ್ಟೆ ಹಿಡಿದುಕೊಳ್ಳುವಷ್ಟಾಯಿತು. ಏಕೆಂದು ಗೊತ್ತಿಲ್ಲದೆ ಹುಡುಗರೂ ನಕ್ಕರು, ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಮಂಜರಿ ಮೇಡಂ ಕೂಡ ನಕ್ಕರು.